ಮಾಸಿನ ಡಾಕ್ಟ್ರಮ್ಮ

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತಿತ್ತು. ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ, ಮಾದಪ್ಪನ ಬೆಟ್ಟಕ್ಕೆ ಹೊರಟ ಒಕ್ಕಲಿನವರು ಬಾಗಿಲಿಗೆ ಜೋತುಬಿದ್ದಿರುವಾಗಲೂ ಆ ಸೀಟು ಖಾಲಿಯೇ. ಹತ್ತಿದವರು ಸೀಟು ಕಂಡ ಖುಷಿಯಲ್ಲಿ ಕೂರಲು ಹೋಗಿ, ಮೂಗಿಗೆ ಏನೋ ಬಡಿದಂತಾಗಿ, ಸೆರಗು ಅಡ್ಡ ಹಿಡಿದು ಮುಂದಕ್ಕೆ ಸರಿಯುತ್ತಿದ್ದರು. ಅದು ಫಾರ್ಮಲಿನ್ ವಾಸನೆ. ಮಾಂಸದ ಚೂರು ಕೊಳೆಯದಂತೆ ಮುಳುಗಿಸಿಡುವ ಆ ದ್ರವದ ಘಾಟು ಎಷ್ಟು ಸೋಪು ಹಾಕಿದರೂ ಅವರ ಕೈಯಿಂದ, ಸೀರೆಯಿಂದ ಬಿಡುತ್ತಿರಲಿಲ್ಲ. "ಸೀಟು ಸಿಗೋಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ ಕಣಮ್ಮ" ಎಂದು ಅವರು ನಗುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ದೊಡ್ಡ ಔದಾರ್ಯವೇನಲ್ಲ. ನನಗೆ ಅವರ ಕೈಕೆಳಗೆ ಕೆಲಸ, ನನ್ನ ಸೀರೆಯೂ ಅದೇ ವಾಸನೆ ಹೊಡೆಯುತ್ತಿತ್ತು.

ಹೋದ ವರ್ಷ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಈ ಸೀಮೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ, ಈಗ ನಾನೊಬ್ಬಳು ಯಾಕೆ ಶುರು ಮಾಡಲಿ. ಆಸ್ಪತ್ರೆಯಲ್ಲಿ ಅವರು ಮೇಡಂ. ಹಳ್ಳಿಗಳಲ್ಲಿ ಮಾಸಿನ ಡಾಕ್ಟ್ರಮ್ಮ.

ಮಾಸು ಎಂದರೆ ಕೂಸು ಹುಟ್ಟಿದ ಮೇಲೆ ಅದರ ಹಿಂದೆಯೇ ಬೀಳುವಂಥದ್ದು. ತಾಯಿಯ ರಕ್ತದಿಂದ ಕೂಸಿಗೆ ಬೇಕಾದ್ದನ್ನೆಲ್ಲ ಸೋಸಿಕೊಡುವ ಅಂಗ. ಕೂಸು ಹೊಟ್ಟೆಯೊಳಗೇ ಯಾಕೆ ಸಾಯುತ್ತದೆ, ಕೆಲವು ಕೂಸು ಯಾಕೆ ಹಿಡಿಯಷ್ಟೇ ಹುಟ್ಟುತ್ತವೆ ಎಂಬುದನ್ನು ಮಾಸು ನೋಡಿ ಪತ್ತೆ ಮಾಡುವುದು ಮೇಡಂ ಅವರ ಸಂಶೋಧನೆ. ಮೈಸೂರಿನವರು, ದೊಡ್ಡ ದೊಡ್ಡ ಕಡೆ ಓದಿದವರು, ಹೊರದೇಶದಲ್ಲೂ ಇದ್ದು ಬಂದವರು. ಕೊಳ್ಳೇಗಾಲದ ಒಂದು ಆಸ್ಪತ್ರೆಯ ಹಿಂಭಾಗದಲ್ಲಿ, ಮುರಿದ ಮಂಚಗಳನ್ನು ಪೇರಿಸಿಡುತ್ತಿದ್ದ ಕೋಣೆಯೊಂದನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಅದರಲ್ಲಿ ಒಂದು ಮೈಕ್ರೋಸ್ಕೋಪು, ಒಂದು ಕಲ್ಲಿನ ಕಟ್ಟೆ, ಒಂದು ನಲ್ಲಿ. ನನ್ನ ಕೆಲಸ ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತು ಮನೆಯವರ ಹತ್ತಿರ ಮಾಸು ಕೇಳುವುದು.

ಎಂ.ಎ. ಓದಿ ಇಂಥ ಭಿಕ್ಷೆ ಬೇಡುವ ಕೆಲಸ ಸಿಕ್ಕಿತಲ್ಲ ಎಂದು ನಮ್ಮಮ್ಮ ಹಣೆ ಚಚ್ಚಿಕೊಂಡಿದ್ದರು. ಬಾಗಿಲಾಚೆ ಕಾದವರ ಕಿವಿಗೆ ಆ ಹೊತ್ತಿನಲ್ಲಿ ಗಂಡೋ ಹೆಣ್ಣೋ ಎಂಬುದು ಬಿಟ್ಟು ಬೇರೇನೂ ಬೀಳುವುದಿಲ್ಲ. ಅಂಥವರ ಮುಂದೆ ಹೋಗಿ ನಿಮ್ಮ ಸೊಸೆಯ ಮಾಸು ಕೊಡಿ, ಪರೀಕ್ಷೆ ಮಾಡುತ್ತೇವೆ ಎಂದರೆ ಹೇಗಿರುತ್ತದೆ ನೀವೇ ನೋಡಿ. ಕೆಲವರು ಬೈದರು. ಹನೂರಿನ ಅಜ್ಜ ಒಬ್ಬರು ಬಹಳ ಮರ್ಯಾದೆಯಿಂದ, "ಯಾತಕ್ಕವ್ವ ನಿಮ್ಗ ಅದು, ಔಸ್ತಿ ಮಾಡ್ಕಂಡು ಮಾರಿರಾ?" ಎಂದು ಕೇಳಿದರು. ಬೆಂಗಳೂರಿನ ಹೆಂಗಸರ ಮುಖದ ಕ್ರೀಮಿಗೆ ಮಾಸು ಇಲ್ಲಿಂದಲೇ ಹೋಗುತ್ತದೆ ಎಂಬ ಸುದ್ದಿ ಒಂದು ಬೇಸಿಗೆಯಿಡೀ ಸಂತೆಯಲ್ಲಿ ಓಡಾಡಿತು. ಮೇಡಂಗೆ ಹೇಳಿದೆ. ಅವರು ಮೊಣಕೈಯಿಂದ ಕೆನ್ನೆ ಉಜ್ಜಿಕೊಂಡು, ನಾನು ಹಚ್ಚಿಕೊಂಡಿದ್ದರೆ ಇಷ್ಟು ಸುಕ್ಕು ಬೀಳುತ್ತಿತ್ತಾ ಎಂದರು.

ಅವರು ಕೆಲಸ ಮಾಡುವುದನ್ನು ನೋಡಬೇಕಿತ್ತು. ನಲ್ಲಿಯನ್ನು ಸಣ್ಣಗೆ ಬಿಟ್ಟು, ಮಾಸನ್ನು ಎರಡೂ ಕೈಯಲ್ಲಿ ಹಿಡಿದು, ಹಸುಗೂಸಿಗೆ ನೀರು ಹಾಕುವವರಂತೆ ತೊಳೆಯುತ್ತಿದ್ದರು. ಆಮೇಲೆ ಸ್ಟೀಲಿನ ತಟ್ಟೆಯ ಮೇಲೆ, ರೊಟ್ಟಿ ತಟ್ಟುವ ಹಾಗೆ ಬೆರಳ ತುದಿಯಿಂದ ಸುತ್ತಲೂ ಹರಡುತ್ತಿದ್ದರು. ಚಾಕು ಹಿಡಿಯುವ ಮೊದಲು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದರು. ಹೊಸದಾಗಿ ಸೇರಿದ ನಾನು ಮುಖ ಹಿಂಡಿಕೊಂಡು ನಿಂತಿದ್ದನ್ನು ಕಂಡು ಒಂದು ದಿನ ಹತ್ತಿರ ಕರೆದರು. "ಒಂಬತ್ತು ತಿಂಗಳು ಉಸಿರಾಡಿಸಿದೆ, ಉಣಿಸಿದೆ, ಕೊಳೆ ಆಚೆ ಹಾಕಿದೆ. ಕೂಸು ಅತ್ತ ತಕ್ಷಣ ಎಲ್ಲರೂ ಆ ಕಡೆ ತಿರುಗ್ತಾರೆ. ಇದನ್ನ ಯಾರೂ ಒಂದು ಮಾತು ಕೇಳಲ್ಲ" ಎಂದರು. ಅಂದಿನಿಂದ ನನಗೆ ಅಸಹ್ಯ ಹೋಯಿತು ಎಂದರೆ ಸುಳ್ಳಾಗುತ್ತದೆ, ಕಡಿಮೆಯಾಯಿತು.

ಜನ ಒಪ್ಪದಿರುವುದಕ್ಕೆ ಕ್ರೀಮಿನ ಸುದ್ದಿಗಿಂತ ದೊಡ್ಡ ಕಾರಣ ಇತ್ತು. ನಮ್ಮ ಕಡೆ ಹಿಂದೆಲ್ಲ ಹೆರಿಗೆ ಮನೆಯಲ್ಲೇ ಆಗುತ್ತಿತ್ತಲ್ಲ, ಆಗ ಮಾಸನ್ನು ಮಡಕೆಗೆ ಹಾಕಿ, ಉಪ್ಪು ಅರಿಶಿನ ಸೇರಿಸಿ, ಬಚ್ಚಲ ಪಕ್ಕ ಗುಂಡಿ ತೋಡಿ ಹೂಳುತ್ತಿದ್ದರು. ಮೇಲೊಂದು ಚಪ್ಪಡಿ. ಬಾಣಂತಿ ಆ ಚಪ್ಪಡಿಯ ಮೇಲೆ ಕೂತು ಬಿಸಿನೀರು ಹುಯ್ಯಿಸಿಕೊಂಡರೆ ತಾಯಿಗೂ ಕೂಸಿಗೂ ಮೈ ಕಾವು ಉಳಿಯುತ್ತದೆ ಎಂದು ನಂಬಿಕೆ. ನಾಯಿ ಕೆದಕಿದರೆ ಹಾಲು ಬತ್ತುತ್ತದೆ, ಕಂಡವರ ಕೈ ಸೇರಿದರೆ ಕೂಸು ನರಳುತ್ತದೆ. ಆಸ್ಪತ್ರೆಗೆ ಹೋಗಲು ಶುರು ಮಾಡಿದ ಮೇಲೆ ಎಲ್ಲವೂ ಆಸ್ಪತ್ರೆಯ ಕಸದ ಹಳದಿ ಚೀಲಕ್ಕೆ ಬಿದ್ದು ಹೋಗುತ್ತಿತ್ತು. ಮುದುಕಿಯರು ಒಳಗೊಳಗೇ ಕೊರಗುತ್ತಿದ್ದರು, ಬಾಯಿ ಬಿಟ್ಟು ಕೇಳುವ ಧೈರ್ಯ ಇರಲಿಲ್ಲ. ಮೇಡಂ ಇದನ್ನು ತಿಳಿದುಕೊಂಡು, ಅಲ್ಲಿಂದ ಇಲ್ಲಿಂದ ಅಪ್ಪಣೆ ತಂದು, ಒಂದು ಪದ್ಧತಿ ಮಾಡಿದರು. ತಮಗೆ ಬೇಕಾದ ಸಣ್ಣ ಚೂರುಗಳನ್ನು ತೆಗೆದುಕೊಂಡು, ಮಿಕ್ಕದ್ದನ್ನು ಮಡಕೆಗೆ ಹಾಕಿ, ತಾವೇ ಉಪ್ಪು ಅರಿಶಿನ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಬೇಕೆಂದವರಿಗೆ ವಾಪಸು ಕೊಡುತ್ತಿದ್ದರು. ಲ್ಯಾಬಿನ ಕಪಾಟಿನ ತುಂಬ ಕುಂಬಾರರ ಮಡಕೆ. ತನಿಖೆಗೆ ಬಂದ ಅಧಿಕಾರಿಯೊಬ್ಬರು ಇದೇನು ಪ್ರಯೋಗಾಲಯವೋ ಮಜ್ಜಿಗೆ ಅಂಗಡಿಯೋ ಎಂದು ರೇಗಿದ್ದರು. ಆದರೆ ಮಡಕೆ ಬಂದ ಮೇಲೆ ನನಗೆ ಬೈಗುಳ ನಿಂತಿತು. ಅಜ್ಜಿಯರೇ ಹುಡುಕಿಕೊಂಡು ಬಂದು, ಮಡಕೆ ಕೊಡೋ ಡಾಕ್ಟ್ರಮ್ಮ ಎಲ್ಲಿ ಎಂದು ಕೇಳತೊಡಗಿದರು.

ಹಾಗೆಂದು ಅವರನ್ನು ಯಾರಾದರೂ ಮನೆಗೆ ಕರೆದರೇ? ಇಲ್ಲ. ಮಡಕೆಯನ್ನು ಅವರ ಕೈಯಿಂದ ಈಸಿಕೊಳ್ಳುವವರು ಅವರ ಕೈಯನ್ನು ಮುಟ್ಟುತ್ತಿರಲಿಲ್ಲ. ಅವರು ಮೊದಲು ಕೊಳ್ಳೇಗಾಲದಲ್ಲೇ ಬಾಡಿಗೆಗೆ ಇದ್ದರು. ಮನೆಯೊಡತಿ ಒಳ್ಳೆಯವರೇ, ಹಬ್ಬಕ್ಕೆ ಒಬ್ಬಟ್ಟು ಕೊಡುತ್ತಿದ್ದರು. ಇವರ ಕೆಲಸ ಏನೆಂದು ತಿಳಿದ ವಾರದಲ್ಲೇ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದು, ಮಗಳು ಬಾಣಂತನಕ್ಕೆ ಬರುತ್ತಾಳೆ, ಮನೆ ಬೇಕು ಎಂದರು. ಮಗಳು ಬರುವುದು ನಿಜವೇ. ಆದರೆ ಆ ಮನೆಯಲ್ಲಿ ಆಮೇಲೆ ರೇಷ್ಮೆ ಗೂಡಿನ ವ್ಯಾಪಾರಿ ಬಂದು ಕೂತ. ಮೇಡಂ ಯಳಂದೂರಿಗೆ ಬಂದರು. ಇಲ್ಲಿಯ ಮನೆಯವರಿಗೆ ರಕ್ತಪರೀಕ್ಷೆ ಮಾಡುತ್ತೇನೆ ಎಂದಷ್ಟೇ ಹೇಳಿದರು. ಸುಳ್ಳು ಹೇಳುವುದು ಅವರಿಗೆ ಆಗದು, ಎರಡು ದಿನ ಚಡಪಡಿಸಿ, ರಕ್ತವೂ ಇರುತ್ತದಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಅವರ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತು ಒಂಟಿಯಾಗಿ ಬರುತ್ತಿರಲಿಲ್ಲ. 'ಇನ್ನೂ ಗೊತ್ತಿಲ್ಲ' ಎನ್ನುತ್ತಿದ್ದರು. ಈ ಕೂಸು ಯಾಕೆ ಸತ್ತಿತು? ಇನ್ನೂ ಗೊತ್ತಿಲ್ಲ. ಮುಂದಿನ ವರ್ಷ ಹಣ ಬರುತ್ತದಾ? ಇನ್ನೂ ಗೊತ್ತಿಲ್ಲ. ಒಂದು ಮಧ್ಯಾಹ್ನ, ಅವರು ಎಂದಿನಂತೆ ಕಿಟಕಿಯ ಹತ್ತಿರ ನಿಂತುಕೊಂಡೇ ಮೊಸರನ್ನ ಉಣ್ಣುತ್ತಿದ್ದಾಗ ಧೈರ್ಯ ಮಾಡಿ, ಮೇಡಂ ನಿಮಗೆ ಮಕ್ಕಳು ಎಂದು ಕೇಳಿದೆ. "ಇನ್ನೂ ಇಲ್ಲ" ಎಂದರು. ಆಗ ಅವರಿಗೆ ಐವತ್ತು ದಾಟಿತ್ತು. ಹೇಳಿ ತಾವೇ ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಡಬ್ಬಿ ತೊಳೆಯಲು ಹೋದವರು ಬಹಳ ಹೊತ್ತು ತೊಳೆದರು. ಅವರಿಗೊಂದು ಕೂಸು ಹೋಗಿತ್ತಂತೆ, ಗಂಡ ಬಿಟ್ಟನಂತೆ, ಮದುವೆಯೇ ಆಗಿರಲಿಲ್ಲವಂತೆ ಎಂದು ಆಸ್ಪತ್ರೆಯಲ್ಲಿ ಮೂರು ಕಥೆ ಇದ್ದವು. ಯಾವುದು ನಿಜವೋ ನನಗೆ ತಿಳಿಯಲಿಲ್ಲ.

ಅವರನ್ನು ನೆನೆದಾಗಲೆಲ್ಲ ನನಗೆ ಹೂಗ್ಯಂನ ಮಾದೇವಿಯೇ ಮೊದಲು ನೆನಪಾಗುವುದು.

ಹೂಗ್ಯಂ ಹನೂರಿನಿಂದಾಚೆ ಕಾಡಂಚಿನ ಊರು. ಮಾದೇವಿಯ ತವರು ಗಡಿಯಾಚೆ ತಮಿಳುನಾಡಿನ ಕಡೆ. ಮೊದಲ ಬಸುರು ಏಳನೇ ತಿಂಗಳಲ್ಲಿ ತವರಿನಲ್ಲೇ ಹೋಗಿತ್ತು. ಎರಡನೆಯದಕ್ಕೆ ಎಂಟು ತುಂಬಿದ ಮೇಲೆ ಕೂಸು ಒದೆಯುತ್ತಿಲ್ಲ ಎಂದು ಕೊಳ್ಳೇಗಾಲಕ್ಕೆ ಕರೆತಂದರು. ಬರುವಷ್ಟರಲ್ಲಿ ಆಗಿಹೋಗಿತ್ತು. ಗಂಡು ಕೂಸು. ನಾನು ಬಾಗಿಲಲ್ಲಿ ನಿಂತಿದ್ದೆ, ಒಳಗೆ ಹೋಗಲಿಲ್ಲ. ಸತ್ತ ಕೂಸಿನ ಮನೆಯವರನ್ನು ಮಾಸು ಕೇಳುವುದಿದೆಯಲ್ಲ, ಅದು ಯಾವತ್ತೂ ನನಗೆ ರೂಢಿಯಾಗಲಿಲ್ಲ. ಕೇಳಿದೆ. ಮಾದೇವಿಯ ಅತ್ತೆ, ಗಟ್ಟಿಮುಟ್ಟಾದ ಹೆಂಗಸು, ಕಣ್ಣಲ್ಲಿ ಒಂದು ಹನಿ ಇಲ್ಲ. "ಎತ್ಕಂಡೋಗಿ ಕಣವ್ವ, ಎಲ್ಗಾರಾ ಎಸೀರಿ. ಅವ್ಳ ಒಟ್ಟೆಯೇ ಮಸ್ಣ. ಅದ್ರದ್ದ ಕಟ್ಕಂಡು ನಾವೇನ್ ಮಾಡವು" ಎಂದರು. ಸತ್ತ ಕೂಸಿನ ಮಾಸಿಗೆ ಮಡಕೆ ಕೇಳುವವರಿಲ್ಲ.

ಇಂಥ ಹೊತ್ತಿನಲ್ಲಿ ಮೇಡಂ ಮಾಸಿನ ಜೊತೆ ಕೂಸನ್ನೂ ಪರೀಕ್ಷೆ ಮಾಡುತ್ತಿದ್ದರು. ಉದ್ದ, ತೂಕ, ತಲೆಯ ಸುತ್ತಳತೆ, ಬೆರಳು, ಕಿವಿ, ಅಂಗಾಲು. ಆ ದಿನವೂ ಎಲ್ಲ ನೋಡಿ, ಕೂಸಿನ ಮೈ ಒರೆಸಿ, ಬಿಳಿ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿಕೊಂಡು ಬಂದರು. ಮಾದೇವಿಯ ಮಂಚದ ಹತ್ತಿರ ಬಗ್ಗಿ, ನೋಡ್ತೀಯೇನಮ್ಮ ಎಂದು ಕೇಳಿದರಂತೆ. ಮಾದೇವಿ ಅತ್ತೆಯ ಮುಖ ನೋಡಿದಳಂತೆ. ಅತ್ತೆ ಬೇಡವೆಂದು ತಲೆ ಅಲ್ಲಾಡಿಸಿದರಂತೆ. ಸತ್ತ ಕೂಸಿನ ಮುಖ ತಾಯಿ ನೋಡಿದರೆ ಮುಂದಿನ ಬಸುರಿಗೂ ಅದರ ನೆರಳು ಬೀಳುತ್ತದೆ ಎಂಬ ಮಾತಿದೆ ನಮ್ಮಲ್ಲಿ. ಮೇಡಂ ಒತ್ತಾಯ ಮಾಡಲಿಲ್ಲ. ಗಂಟನ್ನು ತಂದು ಮಾದೇವಿಯ ಗಂಡನ ಕೈಗೆ ಕೊಟ್ಟರು. ಅವನು ಅದನ್ನು ಬಿಚ್ಚಲಿಲ್ಲ, ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದು ಹೋದ.

ಕೆಲವು ವಾರಗಳ ನಂತರ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಮೇಡಂ ನನ್ನನ್ನು ಕರೆದರು. ಆ ಮಾಸು ಇರಬೇಕಾದ್ದಕ್ಕಿಂತ ಬಹಳ ಸಣ್ಣದು. ಅದಕ್ಕೆ ರಕ್ತ ತರುವ ನಾಳಗಳು ಕಟ್ಟಿಕೊಂಡು, ಕೂಸು ಬದುಕಿರುವಾಗಲೇ ಅದರ ಅರ್ಧದಷ್ಟು ಸತ್ತುಹೋಗಿತ್ತು. ಮಾದೇವಿಗೆ ಬಸುರಿನಲ್ಲಿ ಬಿಪಿ ಏರಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಮುಂದಿನ ಸಲ ಮೊದಲಿನಿಂದಲೇ ದಿನಕ್ಕೊಂದು ಸಣ್ಣ ಮಾತ್ರೆ ಕೊಟ್ಟು, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡು, ಸ್ವಲ್ಪ ಮುಂಚೆಯೇ ಹೆರಿಗೆ ಮಾಡಿಸಿದರೆ ಕೂಸು ಉಳಿಯಬಹುದು. ಇದನ್ನು ಅವಳಿಗೆ ಹೇಳಬೇಕಲ್ಲ ಎಂದು ಆ ಊರಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿದೆ. ಮಾದೇವಿಯನ್ನು ತವರಿಗೆ ಅಟ್ಟಿ, ಮಗನಿಗೆ ಬೇರೆ ಹೆಣ್ಣು ತರುವ ಮಾತು ನಡೆಯುತ್ತಿದೆ ಎಂದಳು. ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಅವರ ಕಾಲ ಹತ್ತಿರ ಒಂದು ಪ್ಲಾಸ್ಟಿಕ್ ಬುಟ್ಟಿ ಇತ್ತು, ಅದರಲ್ಲಿ ಮುಚ್ಚಳ ಬಿಗಿದ ಎರಡು ಜಾಡಿ.

ಹನೂರಿನಲ್ಲಿ ಬಸ್ಸು ಬದಲಿಸಿ ಹೂಗ್ಯಂ ತಲುಪಿದಾಗ ಬಿಸಿಲೇರಿತ್ತು. ಬುಟ್ಟಿಯಲ್ಲಿ ಏನಿದೆ ಎಂದು ಮೊದಲೇ ಹೇಳಿದ್ದರಿಂದ ಅತ್ತೆ ನಮ್ಮನ್ನು ಒಳಗೆ ಕರೆಯಲಿಲ್ಲ. ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೇಡಂ ಎರಡು ಜಾಡಿ ಇಟ್ಟರು. ಒಂದರಲ್ಲಿ, ಬೇರೆ ತಾಯಿಯೊಬ್ಬಳು ಒಪ್ಪಿ ಕೊಟ್ಟ ಆರೋಗ್ಯವಾದ ಮಾಸಿನ ಹೋಳು. ಇನ್ನೊಂದರಲ್ಲಿ ಮಾದೇವಿಯದು. ಅತ್ತೆ ಹಿಂದೆ ಓಣಿಯಲ್ಲಿ ಎಷ್ಟೋ ಹೆರಿಗೆಗೆ ಕೈಯಾಸರೆ ಕೊಟ್ಟವರು, ಹೆದರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಒಂದು ತುಂಬಿಕೊಂಡಿತ್ತು. ಇನ್ನೊಂದರ ತುಂಬ ಬೆಳ್ಳಗಿನ ಗಟ್ಟಿ ಕಲೆಗಳು. ಕಾಲುವೆಯ ತೂಬು ಕಟ್ಟಿಕೊಂಡರೆ ಗದ್ದೆಯ ಕೊನೆಗೆ ನೀರು ಹೋಗದಲ್ಲ, ಹಾಗೆ, ಈ ಬೆಳ್ಳಗಿರುವ ಕಡೆಗೆಲ್ಲ ರಕ್ತ ಹೋಗಿಲ್ಲ ಎಂದು ಮೇಡಂ ನಿಧಾನವಾಗಿ ಹೇಳಿದರು.

ಅತ್ತೆ ಎರಡನೆಯ ಜಾಡಿಯತ್ತ ಇನ್ನಷ್ಟು ಬಗ್ಗಿದರು. ಆಮೇಲೆ, "ಅಂಗಾರ ಕೂಸು ಅಸ್ಕಂಡು ಸತ್ತದ" ಎಂದರು.

ಹೌದು ಎಂದರು ಮೇಡಂ. ಆದರೆ ಇವಳು ಉಣ್ಣದೆ ಅಲ್ಲ, ನೀವು ಇಕ್ಕದೆ ಅಲ್ಲ, ನೆರಳು ಬಿದ್ದೂ ಅಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ.

"ಯಾರ್ದೂ ತಪ್ಪಿಲ್ಲ ಅಂದ್ರ ನಾ ಯಾರ್ಗವ್ವ ಬೈಲಿ?" ಎಂದು ಆ ಹೆಂಗಸು ಕೇಳಿದರು. ಕೇಳಿದವರು ಹಾಗೇ ಕಲ್ಲಿನ ಪಕ್ಕ ಕುಕ್ಕರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬಾಗಿಲ ಹಿಂದೆ ನಿಂತಿದ್ದ ಮಾದೇವಿ ಬೆಪ್ಪಾಗಿ ನೋಡುತ್ತಿದ್ದಳು. ಅತ್ತೆ ಆ ಮೊಮ್ಮಗನಿಗಾಗಿ ಅತ್ತದ್ದನ್ನು ಅವಳು ಕಂಡದ್ದು ಅದೇ ಮೊದಲು. ಆಮೇಲೆ ಅತ್ತೆ ಮೂಗು ಒರೆಸಿಕೊಂಡು, ಮುಂದಿನದು ಉಳಿಯುತ್ತದಾ ಎಂದು ಕೇಳಿದರು. ಮೇಡಂ ತಮ್ಮ ಎಂದಿನ ಉತ್ತರವನ್ನೇ ಕೊಟ್ಟರು, ಉಳಿಸುವುದಕ್ಕೆ ದಾರಿ ಇದೆ ಎಂದೂ ಹೇಳಿದರು.

ವಾಪಸು ಬರುವಾಗ ನಾನು ಸಂತೋಷದಲ್ಲಿ ವಟವಟ ಎನ್ನುತ್ತಿದ್ದೆ. ಬೇರೆ ಹೆಣ್ಣಿನ ಮಾತು ಸದ್ಯಕ್ಕೆ ನಿಂತಿತಲ್ಲ. ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. "ಮೂರನೇದೂ ಹೋದರೆ ಏನು ಮಾಡೋದು ಗಿರಿಜಾ? ಅವಳಿಗೆ ಇನ್ನೊಂದು ಸಲ ಸೋಲೋಕೆ ದಾರಿ ಮಾಡಿಕೊಟ್ಟು ಬಂದೆನೇನೋ" ಎಂದರು. ಕಾಲ ಹತ್ತಿರದ ಬುಟ್ಟಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಮರುವರ್ಷ ಮಾದೇವಿ ಬಸುರಾದಳು. ಅತ್ತೆಯೇ ತಿಂಗಳು ತಿಂಗಳು ಕರೆದುಕೊಂಡು ಬಂದರು. ಮಾತ್ರೆ ನುಂಗಿದಳೋ ಇಲ್ಲವೋ ಎಂದು ಪಹರೆ ಕಾದವರೂ ಅವರೇ, ಬೈಯಲು ಹೊಸ ಕಾರಣ ಸಿಕ್ಕಿತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವಳನ್ನು ನೋಡಿಕೊಳ್ಳುತ್ತಿದ್ದದ್ದು ಹೆರಿಗೆ ಡಾಕ್ಟರು. ಮೇಡಂ ದೂರದಿಂದ ವಿಚಾರಿಸುತ್ತಿದ್ದರು, ಅಷ್ಟೆ. ಆದರೆ ಅವಳು ಬರುವ ದಿನ ಅವರಿಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಸ್ಕ್ಯಾನಿನಲ್ಲಿ ಕೂಸು ಬೆಳೆದಿದೆ ಎಂದು ನಾನು ಓಡಿ ಬಂದು ಹೇಳಿದರೆ, ತಲೆಯೆತ್ತದೆ ಹೂಂ ಎನ್ನುವರು. ಸಂಜೆ ಬಸ್ಸಿನಲ್ಲಿ ಮಾತ್ರ ಎಷ್ಟು ಬೆಳೆದಿದೆ, ಡಾಕ್ಟರು ಏನಂದರು, ಮುಖದಲ್ಲಿ ಊತ ಇತ್ತಾ ಎಂದು ಕೆದಕಿ ಕೆದಕಿ ಕೇಳುವರು. ಅವರು ಅಷ್ಟು ಹೆದರಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಕೊನೆಯ ವಾರಗಳಲ್ಲಿ ಮಾದೇವಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು, ದಿನ ತುಂಬುವ ಸ್ವಲ್ಪ ಮುಂಚೆ ಆಪರೇಷನ್ ಮಾಡಿದರು. ಹೆಣ್ಣು ಕೂಸು. ಸಣ್ಣದು, ಆದರೆ ಗಂಟಲು ಹರಿಯುವ ಹಾಗೆ ಅತ್ತಿತು. ನಾನು ಬಾಗಿಲಲ್ಲಿ ನಿಂತು ಅತ್ತೆಯ ಕೈ ಹಿಡಿದುಕೊಂಡೆ, ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಆಮೇಲೆ ನನ್ನ ಕೆಲಸ ನೆನಪಾಗಿ ಮಾಸು ಕೇಳಿದೆ. ಒಬ್ಬಳೇ ತಾಯಿಯ ಸತ್ತ ಕೂಸಿನ ಮಾಸು, ಉಳಿದ ಕೂಸಿನ ಮಾಸು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಮೇಡಂಗೆ ಅಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ. ಬೆಳಗಿನಿಂದಲೇ ತಟ್ಟೆ, ಚಾಕು, ಸೀಸೆ ಎಲ್ಲ ಜೋಡಿಸಿಕೊಂಡು ಕಾಯುತ್ತಿದ್ದರು.

ಅತ್ತೆ ನನ್ನ ಕೈ ಬಿಟ್ಟರು. "ಇದ್ರದ್ದ ಕೇಳ್ಬ್ಯಾಡಿ ತಾಯಿ. ಒಂದು ಚೂರೂ ಕುಯ್ಬ್ಯಾಡಿ. ಅಂಗೇ ಕೊಟ್ಬುಡಿ, ಮಣ್ಣಿಗಾಕವು" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಏರು ದನಿಯಲ್ಲಿ ಏನೋ ಹೇಳಲು ಹೊರಟಿದ್ದೆ, ಅಷ್ಟರಲ್ಲಿ ಹಿಂದಿನಿಂದ ಮೇಡಂ ಬಂದರು. ಕೇಳಿಸಿಕೊಂಡಿದ್ದರು. ಕುಯ್ಯುವುದಿಲ್ಲ, ಒಂದು ಸಲ ನೋಡಬಹುದಾ ಎಂದು ಅತ್ತೆಯನ್ನೇ ಕೇಳಿದರು. ಅತ್ತೆ ಒಪ್ಪಿದರು, ಆದರೆ ಜೊತೆಯಲ್ಲೇ ಬಂದು ಕಾವಲು ನಿಂತರು. ಮೇಡಂ ತೊಳೆದು, ತಟ್ಟೆಯ ಮೇಲೆ ಹರಡಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. ಚಾಕು ಕೈಯಳತೆಯಲ್ಲೇ ಇತ್ತು. ಕಪಾಟಿನಿಂದ ಮಡಕೆ ತೆಗೆದು, ಉಪ್ಪು ಅರಿಶಿನ ಹಾಕಿ, ಬಟ್ಟೆ ಕಟ್ಟಿ ಕೊಟ್ಟರು. ಚೆನ್ನಾಗಿದೆ, ತುಂಬ ಚೆನ್ನಾಗಿದೆ ಎಂದರು. ಅತ್ತೆ ಹೋದ ಮೇಲೆ ನಾನು, ಒಂದು ಚೂರು ತೆಗೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ಗೊಣಗಿದೆ. ನಾಳೆ ಇನ್ನೊಬ್ಬಳ ಬಾಗಿಲಲ್ಲಿ ನಿಂತು ಕೇಳುವವಳು ನೀನೇ ತಾನೇ ಎಂದರು. ಆಮೇಲೆ ಬಳಸದ ಚಾಕುವನ್ನೂ ತೊಳೆದಿಟ್ಟರು.

ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಮಾದೇವಿ ನನಗೆ ಫೋನು ಮಾಡಿದಳು. ನೀವು ಬರಲೇಬೇಕು ಅಕ್ಕ ಎಂದಳು. ಆಮೇಲೆ ದನಿ ತಗ್ಗಿಸಿ, ಡಾಕ್ಟ್ರಮ್ಮನವರು ಬಂದರೆ ಅತ್ತೆಗೆ ಒಂಥರ, ಆ ಸತ್ತದ್ದನ್ನು ಮುಟ್ಟಿದ ಕೈಯಲ್ಲವಾ, ತೊಟ್ಟಿಲ ಹತ್ತಿರ ಬೇಡ ಅಂತಾರೆ ಎಂದು ತಡವರಿಸಿದಳು. ಇದನ್ನು ಮೇಡಂಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಬಸ್ಸಿನಲ್ಲಿ ಅವರೇ, ಹೂಗ್ಯಂಗೆ ನೀನು ಹೋಗಿ ಬಾ, ನನಗೆ ಭಾನುವಾರ ಕೆಲಸ ಇದೆ ಎಂದರು. ಭಾನುವಾರ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಆ ದಿನ ಬಸ್ಸಿಳಿದು ಮನೆಗೆ ಹೋಗಿ ನಾನು ಅತ್ತುಬಿಟ್ಟೆ. ಶಾಸ್ತ್ರ ಮುಗಿಸಿ ಬಂದ ಮೇಲೆ ಊಟ ಹೇಗಿತ್ತು, ಏನು ಹೆಸರಿಟ್ಟರು ಎಂದು ಅವರು ಕೇಳಲಿಲ್ಲ. ಕೂಸು ಹಾಲು ಸರಿಯಾಗಿ ಎಳೆಯುತ್ತದಾ ಎಂದು ಕೇಳಿದರು. ಎಳೆಯುತ್ತದೆ ಎಂದೆ. ನಾನು ತಂದ ಒಬ್ಬಟ್ಟನ್ನು ಕಿಟಕಿಯ ಹತ್ತಿರ ನಿಂತು ಪೂರ್ತಿ ತಿಂದರು.

ಸಂಶೋಧನೆ ಮುಗಿಯಿತು. ಸ್ಲೈಡುಗಳ ಪೆಟ್ಟಿಗೆ ಬೆಂಗಳೂರಿಗೆ ಹೋದವು, ಕೋಣೆಗೆ ಮತ್ತೆ ಮುರಿದ ಮಂಚ ಬಂದವು, ನನಗೆ ಬೇರೆ ಕಡೆ ಕೆಲಸ ಸಿಕ್ಕಿತು. ಅವರ ಲೇಖನ ಇಂಗ್ಲಿಷಿನಲ್ಲಿ ಅಚ್ಚಾಯಿತು. ಮಾದೇವಿಯ ವಿಷಯ ಅದರಲ್ಲಿ ಒಂದೇ ಸಾಲು: ನಂತರದ ಬಸುರಿನಲ್ಲಿ ಜೀವಂತ ಶಿಶು, ಮಾಸು ಲಭ್ಯವಾಗಲಿಲ್ಲ. ಎಲ್ಲರೂ ಮೇಡಂ ಮೈಸೂರಿಗೆ ಹೋಗುತ್ತಾರೆ ಎಂದುಕೊಂಡರೆ, ಅವರು ಯಳಂದೂರಿನ ಅದೇ ಬಾಡಿಗೆ ಮನೆಯಲ್ಲಿ ಉಳಿದರು. ಯಾಕೆ ಎಂದರೆ ಹೋಗಲು ಕಾರಣ ಇನ್ನೂ ಸಿಕ್ಕಿಲ್ಲ ಎನ್ನುತ್ತಿದ್ದರು. ಸಂಜೆ ಸುವರ್ಣಾವತಿಯ ಸೇತುವೆವರೆಗೆ ಒಬ್ಬರೇ ನಡೆದು ಬರುತ್ತಿದ್ದರು. ಆ ಹೊತ್ತಿಗೆ ಸೀರೆಯ ವಾಸನೆ ಪೂರ್ತಿ ಹೋಗಿತ್ತು, ಬಸ್ಸು ಹತ್ತಿದರೆ ಪಕ್ಕದಲ್ಲಿ ಯಾರು ಬೇಕಾದರೂ ಕೂರುತ್ತಿದ್ದರು. ಆದರೆ ಅವರು ಬಸ್ಸು ಹತ್ತುವುದೇ ಅಪರೂಪವಾಗಿತ್ತು. ನಾನು ಹೋದಾಗೆಲ್ಲ ಹೂಗ್ಯಂ ಕೂಸು ಹೇಗಿದೆ ಎಂದು ಕೇಳುವರು. ಶಾಲೆಗೆ ಸೇರಿತಂತೆ ಎಂದರೆ, ಓಹೋ ಎಂದು ಬಹಳ ಹೊತ್ತು ನಗುವರು.

ಹೋದ ವರ್ಷ ಒಂದು ಬೆಳಗ್ಗೆ ಹಾಲಿನವಳು ಅವರ ಬಾಗಿಲು ತಟ್ಟಿ, ತೆರೆಯದಾಗ ಮನೆಯವರನ್ನು ಕರೆದಳಂತೆ. ಹೃದಯ ನಿಂತಿತ್ತು. ಮೈಸೂರಿನಿಂದ ಅವರ ತಮ್ಮ ಬಂದರು. ಅವರು, ಮನೆಯ ಯಜಮಾನರು, ಹಾಲಿನವಳು, ನಾನು, ಅಂತ್ಯಕ್ರಿಯೆಗೆ ಇಷ್ಟೇ ಜನ. ಹಳೆಯ ಸಂಶೋಧನೆಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕಿದೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಆ ಮೂರು ಕಥೆಗಳಲ್ಲಿ ಯಾವುದು ನಿಜ ಎಂದು ತಮ್ಮನನ್ನು ಕೇಳಬಹುದಿತ್ತು. ಕೇಳಲು ಮನಸ್ಸು ಬರಲಿಲ್ಲ.

ಯಾರಿಗಾದರೂ ಎದುರಿಗೆ ಕೂತು ಹೇಳಬೇಕು ಎನ್ನಿಸಿ ಮುಂದಿನ ಭಾನುವಾರ ಹೂಗ್ಯಂಗೆ ಹೋದೆ. ಅತ್ತೆ ಹೊಲಕ್ಕೆ ಹೋಗಿದ್ದರು. ಮಾದೇವಿ ಅಂಗಳದಲ್ಲಿ ಕೂತು ಮುಸುಕಿನ ಜೋಳ ಬಿಡಿಸುತ್ತಿದ್ದಳು, ಮಗಳು ಪಕ್ಕದ ಮನೆಗೆ ಆಡಲು ಹೋಗಿತ್ತು. ಹೇಳಿದೆ. ಅವಳು ತೆನೆ ಕೆಳಗಿಟ್ಟಳು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಮುಖ ಬಿಳಚಿಕೊಂಡಿತು, ಏನನ್ನೋ ಕಳೆದುಕೊಂಡವಳಂತೆ ಸುತ್ತ ನೋಡಿದಳು.

"ನಾ ಅವರ್ನ ಒಂದು ಕೇಳವು ಅಂತಿದ್ದಿ ಕಣಕ್ಕ" ಎಂದಳು. "ಆ ಗಂಡು ಕೂಸ ನಂಗ ತೋರ್ಸ್ನೇ ಇಲ್ಲ. ಅದ್ರಪ್ಪನೂ ಬಟ್ಟ ಬಿಚ್ಚಿ ನೋಡ್ನಿಲ್ಲ. ಸರ್ಯಾಗಿ ನೋಡಿದ್ದು ಡಾಕ್ಟ್ರಮ್ಮ ಒಬ್ರೇ. ಮೂಗು ಯಾರಂಗಿತ್ತು, ತಲ ತುಂಬ ಕೂದ್ಲಿತ್ತಾ, ಎಂಗಿತ್ತು ಅಂತ ಕೇಳವು ಅಂತ. ಬಸುರೀಲಿ ಸತ್ತದ್ರ ಮಾತಾಡ್ಬಾರ್ದು ಅಂದ್ರು, ಸುಮ್ನಿದ್ದಿ. ತೊಟ್ಲಿಗಾಕ್ದಾಗ ಅವರ್ನ ಕರೀನಿಲ್ಲ. ಆಮೇಲ ಯಾವ್ ಮೊಕ ಇಟ್ಕಂಡು ಓಗಿ ಕೇಳ್ಲಿ ಅಂತ, ಇವತ್ತು ನಾಳ ಅಂತ ಅನ್ಕಂಡೇ ಇದ್ದಿ."

ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೀವಾರಾ ನೋಡಿದ್ರಾ ಅಕ್ಕ?"

ಆ ದಿನ ನಾನು ಬಾಗಿಲಾಚೆಯೇ ನಿಂತಿದ್ದೆ. ನೋಡಲಿಲ್ಲ ಎಂದೆ.